ಮಳೆಯ ಸಾಕ್ಷಿ, ಬರದ ಪ್ರಶ್ನೆ: ದೇವರ ಅಸ್ತಿತ್ವದ ವಾದವನ್ನು ಬಯಲುಸೀಮೆಯಲ್ಲಿ ಓದುವುದು

ದೇವರಿದ್ದಾನೆಂಬ ವಿಶ್ವಾಸಕ್ಕೆ ಸೃಷ್ಟಿಯೊಳಗಿನಿಂದಲೇ ಆಧಾರ ತೋರಿಸುವ ಕ್ರಮವು ಕ್ರೈಸ್ತ ಸಭೆಯಷ್ಟೇ ಹಳೆಯದು. ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲನಾದ ಪೌಲನು ಮೂರು ಸಂದರ್ಭಗಳಲ್ಲಿ ಈ ದಾರಿ ಹಿಡಿದಿದ್ದಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ, ಕಾಣುವ ಸೃಷ್ಟಿಯ ಮೂಲಕ ಕಾಣದಿರುವ ದೇವರ ಶಕ್ತಿಯು ಬುದ್ಧಿಗೆ ಗೋಚರವಾಗುತ್ತದೆಂದು ಬರೆದನು. ಅಥೇನೆಯಲ್ಲಿ ತತ್ವಜ್ಞಾನಿಗಳ ಮುಂದೆ, ತಿಳಿಯದ ದೇವರಿಗೆಂದು ಕಟ್ಟಿದ್ದ ಬಲಿಪೀಠವನ್ನೇ ಆರಂಭವಾಗಿಟ್ಟುಕೊಂಡು ವಾದಿಸಿದನು. ಲುಸ್ತ್ರವೆಂಬ ಊರಿನಲ್ಲಿ, ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದು ತನಗೇ ಬಲಿಕೊಡಲು ಹೊರಟ ಜನರನ್ನು ತಡೆಯುತ್ತ, ಮಳೆಯನ್ನೂ ಬೆಳೆಯನ್ನೂ ತೋರಿಸಿ ಮಾತಾಡಿದನು. ಮೊದಲೆರಡು ಭಾಗಗಳ ಮೇಲೆ ಗ್ರಂಥರಾಶಿಯೇ ಬೆಳೆದಿದೆ. ಅಪೊಸ್ತಲರ ಕೃತ್ಯಗಳು 14ನೆಯ ಅಧ್ಯಾಯದ ಮೂರೇ ವಚನಗಳಲ್ಲಿ ಮುಗಿದುಹೋಗುವ ಮೂರನೆಯದು ಸೆಮಿನರಿಯ ತರಗತಿಗಳಲ್ಲಿ ಒಂದು ಗಂಟೆಯ ಪಾಠವನ್ನೂ ಪಡೆಯುವುದು ಅಪರೂಪ. ಆದರೆ ಹಳ್ಳಿಯ ಸಭೆಯಲ್ಲಿ ಪ್ರಸಂಗಪೀಠ ಹತ್ತುವವನಿಗೆ ಹೆಚ್ಚಾಗಿ ಬೇಕಾಗುವುದು ಈ ಮೂರನೆಯದೇ.

ಅಲ್ಲಿ ಪೌಲನು ಹೇಳಿದ್ದರ ಸಾರವಿಷ್ಟು: ಆಕಾಶ, ಭೂಮಿ, ಸಮುದ್ರಗಳನ್ನು ಮಾಡಿದ ಜೀವಸ್ವರೂಪನಾದ ದೇವರು ಜನಾಂಗಗಳನ್ನು ಅವರವರ ಮಾರ್ಗಗಳಲ್ಲಿ ನಡೆಯಲು ಬಿಟ್ಟಿದ್ದನು, ಹಾಗೆ ಬಿಟ್ಟಾಗಲೂ ತನ್ನನ್ನು ಕುರಿತು ಸಾಕ್ಷಿಯಿಲ್ಲದಂತೆ ಮಾಡಲಿಲ್ಲ, ಮಳೆ, ಸುಗ್ಗಿ, ಆಹಾರ, ಆನಂದ ಇವೇ ಆ ಸಾಕ್ಷಿ.

ಈ ಮಾತನ್ನು ಮಲೆನಾಡಿನಲ್ಲಿ ಓದುವುದು ಸುಲಭ. ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿರುವ ಬಡವನಹಳ್ಳಿಯಂಥ ಊರಿನಲ್ಲಿ ಓದುವುದು ಬೇರೆಯೇ ಸಂಗತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯೆಂಬುದು ಪ್ರತಿವರ್ಷ ಹೊಸದಾಗಿ ಕೇಳಬೇಕಾದ ಪ್ರಶ್ನೆ. ಪಾವಗಡಕ್ಕೆ ವರ್ಷವೊಂದರಲ್ಲಿ ಸರಾಸರಿ 600 ಮಿಲಿಮೀಟರಿನಷ್ಟು ಮಳೆಯೂ ದೊರೆಯುವುದಿಲ್ಲ. ಅದೇ ರಾಜ್ಯದ ಆಗುಂಬೆಗೆ 7000 ಮಿಲಿಮೀಟರಿಗೂ ಹೆಚ್ಚು. ಕಡಲೆಕಾಯಿ ಬಿತ್ತಿದ ಮೇಲೆ ಆರಿದ್ರಾ ಕೈಕೊಟ್ಟರೆ ಪುನರ್ವಸುವಿನ ಕಡೆ ನೋಡುವುದು, ಅದೂ ಹೋದರೆ ಉತ್ತರೆ, ಹಸ್ತ, ಚಿತ್ತೆಗಳ ತನಕ ಕಣ್ಣು ನೆಟ್ಟು ಕೂರುವುದು ಇಲ್ಲಿಯ ರೈತನ ಬದುಕು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ವರ್ಷದ ಹೆಚ್ಚು ಕಾಲ ಮರಳಿನ ಹಾಸಾಗಿ ಮಲಗಿರುತ್ತದೆ. ಸಾವಿರ ಅಡಿ ಕೊರೆದ ಕೊಳವೆಬಾವಿಯಲ್ಲಿ ನೀರು ಸಿಕ್ಕರೂ ಪಾವಗಡದ ಕಡೆ ಅದರಲ್ಲಿ ಫ್ಲೋರೈಡ್ ಬೆರೆತಿರುತ್ತದೆ.

ಇಂಥ ನೆಲದಲ್ಲಿ ನಿಂತು, ಮಳೆ ಬರುತ್ತದೆ, ಆದುದರಿಂದ ದೇವರಿದ್ದಾನೆ ಎಂದು ಯಾರಾದರೂ ಪ್ರಸಂಗ ಮಾಡಿದರೆ, ಹಿಂದಿನ ಬೆಂಚಿನಲ್ಲಿ ಕುಳಿತ ಕಾಲೇಜು ವಿದ್ಯಾರ್ಥಿಯು ಆ ವಾಕ್ಯವನ್ನು ತಿರುಗಿಸಿ ಹಾಕಲು ಹೆಚ್ಚು ಹೊತ್ತು ಬೇಕಿಲ್ಲ. ಮಳೆ ಬಂದದ್ದು ದೇವರಿರುವುದಕ್ಕೆ ಸಾಕ್ಷಿಯಾದರೆ, ಬಾರದ ವರ್ಷ ಯಾವುದಕ್ಕೆ ಸಾಕ್ಷಿ? ಈ ಪ್ರಶ್ನೆಯನ್ನು ತುಂಟತನವೆಂದು ತಳ್ಳಿಹಾಕುವ ಸಭಾಪಾಲಕನು ಆ ವಿದ್ಯಾರ್ಥಿಯನ್ನಷ್ಟೇ ಅಲ್ಲ, ಪೌಲನ ವಾದವನ್ನೂ ಕಳೆದುಕೊಳ್ಳುತ್ತಾನೆ. ಪೌಲನು ಹೇಳಿದ್ದು ನಿಜವಾಗಿ ಏನು, ಅದರಿಂದ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಲುಸ್ತ್ರವೂ ಒಣನೆಲವೇ

ಲುಸ್ತ್ರವು ಇಂದಿನ ಟರ್ಕಿ ದೇಶದಲ್ಲಿ, ಕೊನ್ಯ ನಗರದ ದಕ್ಷಿಣಕ್ಕೆ ಇದ್ದ ಊರು. ಆ ಸೀಮೆಗೆ ಆಗ ಲುಕವೋನ್ಯವೆಂದು ಹೆಸರು. ಪೌಲನ ಹಿರಿಯ ಸಮಕಾಲೀನನೆನ್ನಬಹುದಾದ ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಕಾರನು ಲುಕವೋನ್ಯವನ್ನು ಬಣ್ಣಿಸುತ್ತ, ಅದು ಚಳಿಯ, ಮರಗಳಿಲ್ಲದ, ಕಾಡುಕತ್ತೆಗಳು ಮೇಯುವ ಬಯಲೆಂದೂ, ಕುಡಿಯುವ ನೀರಿಗೆ ಅಲ್ಲಿ ಬಹಳ ಕೊರತೆಯೆಂದೂ, ಬಾವಿಗಳು ಅತ್ಯಂತ ಆಳವೆಂದೂ, ಸೊಆತ್ರ ಎಂಬ ಊರಿನಲ್ಲಿ ನೀರನ್ನು ಹಣಕ್ಕೆ ಮಾರುತ್ತಾರೆಂದೂ ಬರೆದಿದ್ದಾನೆ. ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ಅಭ್ಯಾಸವಾಗಿರುವ ಪಾವಗಡದವರಿಗೆ ಈ ವರ್ಣನೆ ಪರದೇಶದ್ದೆನಿಸದು.

ಈ ಸಂಗತಿ ಗೊತ್ತಿಲ್ಲದೆ ಓದಿದಾಗ ಪೌಲನ ಮಾತು ಹೊಟ್ಟೆ ತುಂಬಿದವನು ಆಡಿದ ಹಿತವಚನದಂತೆ ಕೇಳಿಸುತ್ತದೆ. ಗೊತ್ತಿದ್ದು ಓದಿದರೆ ಅದರ ದನಿಯೇ ಬೇರೆ. ಮಳೆ ಎಂದಿಗೂ ತಪ್ಪದ ಕಡೆಯಲ್ಲಿ ಮಳೆಯನ್ನು ಯಾರೂ ಸಾಕ್ಷಿಯೆಂದು ಎಣಿಸರು; ಅದು ಅಲ್ಲಿ ಹಿನ್ನೆಲೆ, ಅಷ್ಟೇ. ಬಾರದೆಯೂ ಇರಬಹುದಾಗಿದ್ದ ಮಳೆ ಬಂದಾಗಲೇ ಅದು ಬಂದದ್ದೆಂದು, ಅಂದರೆ ಕೊಡಲ್ಪಟ್ಟದ್ದೆಂದು, ಮನುಷ್ಯನಿಗೆ ಹೊಳೆಯುತ್ತದೆ. ಪೌಲನು ಸಾಕ್ಷಿ ಎಂಬ ಪದವನ್ನು ಬಳಸಿದ್ದು ಈ ಅರ್ಥದಲ್ಲಿಯೇ ಎಂದು ನನ್ನ ಅಭಿಪ್ರಾಯ. ಅವನು ದೇವರ ಉಪಕಾರಗಳ ಲೆಕ್ಕಪುಸ್ತಕವನ್ನು ಬಿಚ್ಚಲಿಲ್ಲ. ಲೆಕ್ಕಪುಸ್ತಕವಾಗಿದ್ದರೆ ಜಮೆಯ ಎದುರಿಗೆ ಖರ್ಚನ್ನೂ ಬರೆಯಬೇಕಾಗುತ್ತಿತ್ತು. ಲುಕವೋನ್ಯದ ರೈತರಿಗೆ ಖರ್ಚಿನ ಕಲಮುಗಳು ಚೆನ್ನಾಗಿ ನೆನಪಿರುತ್ತಿದ್ದವು. ಅವನು ತೋರಿಸಿದ್ದು ಪ್ರಾಪಂಚಿಕ ವಸ್ತುಗಳ ಒಂದು ಲಕ್ಷಣವನ್ನು: ಇವು ತಮ್ಮಿಂದ ತಾವೇ ಇರುವಂಥವುಗಳಲ್ಲ.

ಸತ್ಯವೇದದ ಬೇರೆ ಭಾಗಗಳೂ ಇದನ್ನೇ ಸಮರ್ಥಿಸುತ್ತವೆ. ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ ದೇವರು, ಮನುಷ್ಯರೇ ಇಲ್ಲದ ಅಡವಿಯ ಮೇಲೆಯೂ ಮಳೆ ಸುರಿಸುವ ವಿಷಯವನ್ನೆತ್ತುತ್ತಾನೆ. ಯಾರ ಬೆಳೆಗೂ ಬಾರದ ಮಳೆ ಅದು. ಎಲೀಯನ ಕಥೆಯಲ್ಲಿ ಬರಗಾಲವನ್ನು ಸಾರಿದ ಪ್ರವಾದಿಯೇ ಕುಡಿಯುತ್ತಿದ್ದ ಕೆರೀತ್ ಹಳ್ಳ ಬತ್ತಿಹೋಗುತ್ತದೆ. ಯೆರೆಮೀಯನ 14ನೆಯ ಅಧ್ಯಾಯವಂತೂ ಬರವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸುತ್ತದೆ: ಬರಿಯ ಕೊಡಗಳೊಡನೆ ಹಿಂದಿರುಗುವ ಆಳುಗಳು, ತಲೆಗೆ ಮುಸುಕೆಳೆದುಕೊಂಡ ಉಳುವವರು, ಹುಲ್ಲಿಲ್ಲದೆ ಮರಿಯನ್ನು ತೊರೆದ ಜಿಂಕೆ. ಮಳೆ ತಪ್ಪುವುದೆಂಬುದು ಈ ಗ್ರಂಥವನ್ನು ಬರೆದವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಅವರು ದೇವರನ್ನು ನಂಬಿದ್ದು ಅದನ್ನು ಕಂಡೂ ನಂಬಿದ್ದು.

ಕೆರೆಗಳ ಸರಪಳಿ

ಪೌಲನು ಮುಟ್ಟಿ ಬಿಟ್ಟ ಈ ಲಕ್ಷಣವನ್ನು ಮುಂದಿನ ದೇವಶಾಸ್ತ್ರಜ್ಞರು ವಾದವಾಗಿ ಬೆಳೆಸಿದರು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಕೋಲಿನಿಂದ ಕಲ್ಲನ್ನು, ಕೈಯಿಂದ ಕೋಲನ್ನು ಚಲಿಸುವ ದೃಷ್ಟಾಂತವನ್ನು ಕೊಟ್ಟನು. ನಮ್ಮ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ದೃಷ್ಟಾಂತವೊಂದು ಕಣ್ಣೆದುರಿಗೇ ಇದೆ.

ತುಮಕೂರು ಜಿಲ್ಲೆಯ ಪೂರ್ವದ ತಾಲ್ಲೂಕುಗಳನ್ನು ಹಿಂದಿನವರು ಕೆರೆಗಳ ಸರಪಳಿಯಿಂದ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಾದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಅದು ಕೋಡಿ ಬಿದ್ದರೆ ಅದರ ಕೆಳಗಿನದಕ್ಕೆ. ಈಗ ಕಟ್ಟಕಡೆಯ ಕೆರೆಯ ಏರಿಯ ಮೇಲೆ ನಿಂತು, ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳೋಣ: ಈ ನೀರೆಲ್ಲಿಯದು? ಮೇಲಿನ ಕೆರೆಯದು, ಎನ್ನುತ್ತಾನೆ. ಅದರದ್ದು? ಅದರ ಮೇಲಿನದರದು. ಉತ್ತರ ಪ್ರತಿಬಾರಿಯೂ ಸರಿಯಾಗಿದೆ. ಆದರೂ ಕೆರೆಗಳ ಮೇಲೆ ಕೆರೆಗಳು ಎಷ್ಟಿದ್ದರೂ, ಲೆಕ್ಕವಿಲ್ಲದಷ್ಟಿದ್ದರೂ, ಅವುಗಳಲ್ಲಿ ಯಾವುದಕ್ಕೂ ತನ್ನದೆಂಬ ನೀರಿಲ್ಲ. ಕೆರೆಯೆಂಬುದು ಪಡೆದು ಕೊಡುವ ವಸ್ತು. ಪಡೆದು ಕೊಡುವ ವಸ್ತುಗಳನ್ನೇ ಅನಂತವಾಗಿ ಸಾಲುಹಚ್ಚಿದರೆ ಆ ಸಾಲು ಅನಂತವಾಗಿ ಒಣಗಿರುತ್ತದೆ. ಕಡೆಯ ಕೆರೆಯಲ್ಲಿ ಹನಿ ನೀರಿದೆಯೆಂದಾದರೆ, ಕೆರೆಯಲ್ಲದ ಯಾವುದೋ ಒಂದು ಇರಲೇಬೇಕು. ನಾವು ಅದನ್ನು ಮಳೆಯೆನ್ನುತ್ತೇವೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮಳೆಯು ಸರಪಳಿಯ ಮೊದಲನೆಯ ಕೆರೆಯಲ್ಲ. ಅದು ಕೆರೆಯೇ ಅಲ್ಲ. ಹಾಗೆಯೇ ದೇವರು ವಸ್ತುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತ ಹಿರಿಯ ವಸ್ತುವಲ್ಲ. ದೇವರನ್ನು ಯಾರು ಮಾಡಿದರು ಎಂಬ ಮಕ್ಕಳ ಪ್ರಶ್ನೆ, ದೊಡ್ಡವರೂ ಕೇಳುವ ಪ್ರಶ್ನೆ, ಮಳೆಗೆ ಯಾವ ಕೆರೆಯಿಂದ ಕೋಡಿ ಬಿತ್ತು ಎಂದು ಕೇಳಿದಂತಾಗುತ್ತದೆ. ಎರಡನೆಯದಾಗಿ, ಮಳೆ ಬೀಳುವುದು ಮೇಲಿನ ಕೆರೆಯ ಮೇಲೆ ಮಾತ್ರವಲ್ಲ. ಕಡೆಯ ಕೆರೆಯ ಮೇಲೂ ಅದೇ ಹೊತ್ತಿನಲ್ಲಿ ನೇರವಾಗಿ ಬೀಳುತ್ತದೆ. ಕ್ರೈಸ್ತರು ಹೇಳುವ ಸೃಷ್ಟಿಕರ್ತನು ಎಂದೋ ಒಮ್ಮೆ ಜಗತ್ತಿಗೆ ಚಾಲನೆ ಕೊಟ್ಟು ಸರಿದುಹೋದವನಲ್ಲ. ಈ ಕ್ಷಣದಲ್ಲಿ, ಈ ಹುಲ್ಲುಕಡ್ಡಿಯನ್ನು ಇರುವಂತೆ ಮಾಡುತ್ತಿರುವವನು. ದೃಷ್ಟಾಂತಕ್ಕೆ ಮಿತಿಯಿದೆ. ಮಳೆಗೂ ಕಡಲು, ಬಿಸಿಲು, ಗಾಳಿಗಳು ಬೇಕು. ಅದೂ ಪಡೆದು ಕೊಡುವ ವಸ್ತುವೇ. ತನ್ನ ಇರವನ್ನು ಯಾರಿಂದಲೂ ಪಡೆಯದ ಒಂದರ ತನಕ ಬುದ್ಧಿಯು ಹೋಗಬೇಕಾಗುತ್ತದೆ. ಮೋಶೆಗೆ ಉರಿಯುವ ಪೊದೆಯಲ್ಲಿ ತಿಳಿಸಲ್ಪಟ್ಟ ಹೆಸರು ಕನ್ನಡದ ಸತ್ಯವೇದದಲ್ಲಿ ಇರುವಾತನು ಎಂದಿರುವುದು ಈ ದೃಷ್ಟಿಯಿಂದ ಬಹಳ ಸಮರ್ಪಕವಾಗಿದೆ. ಇರುವುದೇ ಸ್ವಭಾವವಾಗುಳ್ಳವನು.

ಜಗತ್ತಿಗೆ ಕಾಲದಲ್ಲಿ ಆರಂಭವಿತ್ತೆಂದು ತೋರಿಸುವ ವಾದ ಇದಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಪ್ರಸಂಗಗಳಲ್ಲಿ ಇವೆರಡೂ ಬೆರೆತುಹೋಗುತ್ತವೆ. ಜಗತ್ತಿಗೆ ಆರಂಭವಿತ್ತೆಂಬುದನ್ನು ಪ್ರಕಟನೆಯಿಂದ ನಂಬಬಹುದೇ ಹೊರತು ತರ್ಕದಿಂದ ಸಾಧಿಸಲಾಗದೆಂದು ಅಕ್ವಿನಾಸನೇ ಒಪ್ಪಿಕೊಂಡಿದ್ದನು. ವಿಶ್ವವು ಒಂದು ಆದಿಪರಮಾಣುವಿನಿಂದ ಹರಡಿತೆಂಬ ಕಲ್ಪನೆಯನ್ನು 1931ರಲ್ಲಿ ಮುಂದಿಟ್ಟ ಜಾರ್ಜ್ ಲಮೇತ್ರ್ ಬೆಲ್ಜಿಯಮ್ ದೇಶದ ಕಥೋಲಿಕ ಯಾಜಕನು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ಸಿದ್ಧಾಂತವನ್ನು ಸೃಷ್ಟಿಯ ಸಮರ್ಥನೆಗೆ ಬಳಸಿಕೊಂಡಾಗ ಕಳವಳಗೊಂಡವರಲ್ಲಿ ಅವನೇ ಮೊದಲಿಗ. ನಾಳೆ ಭೌತಶಾಸ್ತ್ರಜ್ಞರು ತಮ್ಮ ಲೆಕ್ಕವನ್ನು ಬದಲಿಸಿದರೆ ನಮ್ಮ ವಿಶ್ವಾಸಪ್ರಮಾಣವನ್ನೂ ಬದಲಿಸಬೇಕಾಗುವ ಸ್ಥಿತಿ ಯಾರಿಗೂ ಬೇಡ. ಕೆರೆಗಳ ಸಾಲಿಗೆ ಮೊದಲಿದ್ದರೂ ಸರಿ, ಇಲ್ಲದಿದ್ದರೂ ಸರಿ, ನೀರಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆಕ್ಷೇಪಗಳು, ಹೊರಗಿನವೂ ಮನೆಯವೂ

ಡೇವಿಡ್ ಹ್ಯೂಮನ ಆಕ್ಷೇಪ ಪ್ರಸಿದ್ಧವಾದುದು. ಅವನ ಮರಣಾನಂತರ 1779ರಲ್ಲಿ ಪ್ರಕಟವಾದ ಸಂವಾದಗ್ರಂಥದಲ್ಲಿ, ಗುಂಪೊಂದರ ಪ್ರತಿಯೊಂದು ಸದಸ್ಯವಸ್ತುವಿಗೂ ಕಾರಣ ಹೇಳಿದ ಮೇಲೆ ಇಡೀ ಗುಂಪಿಗೆ ಬೇರೊಂದು ಕಾರಣ ಕೇಳುವುದು ಅಸಂಗತವೆಂಬ ವಾದ ಬರುತ್ತದೆ. ನೀರುಗಂಟಿಯ ಉತ್ತರವೇ ಇದಕ್ಕೆ ಸಾಕು. ಅವನು ಪ್ರತಿಯೊಂದು ಕೆರೆಗೂ ಕಾರಣ ಹೇಳಿದನು. ನೀರಿಗೆ ಕಾರಣ ಹೇಳಲಿಲ್ಲ. 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಜೆಸ್ವಿಟ್ ಪಾದ್ರಿ ಫ್ರೆಡರಿಕ್ ಕೋಪಲ್‌ಸ್ಟನ್ನರೊಡನೆ ಚರ್ಚಿಸಿದ ಬರ್ಟ್ರಂಡ್ ರಸೆಲ್ಲರು ಇನ್ನೊಂದು ದಾರಿ ಹಿಡಿದರು: ವಿಶ್ವವು ಸುಮ್ಮನೆ ಇದೆ, ಅದಕ್ಕೆ ಕಾರಣ ಕೇಳಬೇಕಾದ್ದಿಲ್ಲ. ಇದು ಪ್ರಾಮಾಣಿಕವಾದ ನಿಲುವು. ಆದರೆ ಬೇರೆಲ್ಲ ಕಡೆಯೂ ಕಾರಣ ಕೇಳುವುದನ್ನೇ ವಿವೇಕವೆಂದು ಬಗೆದವರು ಇದೊಂದು ಕಡೆ ಮಾತ್ರ ಕೇಳಬೇಡವೆನ್ನುವುದಾದರೆ, ಏಕೆ ಬೇಡ ಎಂಬುದಕ್ಕೆ ಅವರಾದರೂ ಕಾರಣ ಕೊಡಬೇಕಾಗುತ್ತದೆ.

ಸೆಮಿನರಿಗಳಲ್ಲಿ ಹ್ಯೂಮ್, ರಸೆಲ್ ಇವರನ್ನು ಓದಿಸುತ್ತೇವೆ. ಕನ್ನಡ ನಾಡಿನಲ್ಲಿಯೇ ಸೃಷ್ಟಿಕರ್ತನ ವಿಷಯದಲ್ಲಿ ನಡೆದ ವಾಗ್ವಾದವನ್ನು ಓದಿಸುವುದು ಕಡಿಮೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತನೆಂಬ ಕಲ್ಪನೆಯನ್ನೇ ನಿರಾಕರಿಸಿದನು. ಸೃಷ್ಟಿಗೆ ಮುಂಚೆ ಅವನೆಲ್ಲಿದ್ದನು, ಸಾಮಗ್ರಿ ಎಲ್ಲಿಂದ ಬಂತು, ಪರಿಪೂರ್ಣನಾದವನಿಗೆ ಮಾಡಬೇಕೆಂಬ ಇಚ್ಛೆ ಏಕೆ ಹುಟ್ಟಿತು ಎಂಬವು ಅವನ ಪ್ರಶ್ನೆಗಳು. ಪಂಪನು 941ರಲ್ಲಿ ಕನ್ನಡದಲ್ಲಿ ಆದಿಪುರಾಣವನ್ನು ಬರೆದದ್ದು ಈ ಪರಂಪರೆಯನ್ನು ಅನುಸರಿಸಿಯೇ. ಇನ್ನೊಂದು ಕಡೆ, ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ, ಗಡಿಗೆಗೆ ಕುಂಬಾರನಿರುವಂತೆ ಜಗತ್ತೆಂಬ ಕಾರ್ಯಕ್ಕೂ ಕರ್ತನಿರಬೇಕೆಂದು ಅನುಮಾನ ಪ್ರಮಾಣದಿಂದ ಈಶ್ವರನನ್ನು ಸಾಧಿಸಲು ಯತ್ನಿಸಿದನು. ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ರಾಮಾನುಜಾಚಾರ್ಯರು ಈಶ್ವರಭಕ್ತರೇ ಆಗಿದ್ದರೂ ಶ್ರೀಭಾಷ್ಯದಲ್ಲಿ ಇಂಥ ಅನುಮಾನವನ್ನು ಒಪ್ಪಲಿಲ್ಲ. ಜಗತ್ತಿನ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಕಾಲದಲ್ಲಿ ಅನೇಕ ಕರ್ತೃಗಳು ಮಾಡಿರಬಾರದೇಕೆ ಎಂದು ಕೇಳಿ, ಪರಬ್ರಹ್ಮವನ್ನು ಶಾಸ್ತ್ರದಿಂದಲೇ ತಿಳಿಯಬೇಕೆಂದರು. ಇದೇ ಪ್ರಶ್ನೆಯನ್ನು ಹ್ಯೂಮನು ಆರು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಕೇಳಿದನು.

ಜಿನಸೇನನ ಪ್ರಶ್ನೆಗಳು ಕುಂಬಾರನಂಥ ದೇವರನ್ನು ಚೆನ್ನಾಗಿಯೇ ಉರುಳಿಸುತ್ತವೆ. ಮಣ್ಣು ಮೊದಲೇ ಇದ್ದು, ಕುಂಬಾರನು ಅನಂತರ ಬಂದು, ಗಡಿಗೆ ಮಾಡಿ ಹೊರಟುಹೋಗುತ್ತಾನೆ. ಕುಂಬಾರನಿಲ್ಲದೆಯೂ ಗಡಿಗೆ ಇರುತ್ತದೆ. ಕ್ರೈಸ್ತರು ಶೂನ್ಯದಿಂದ ಸೃಷ್ಟಿ ಎನ್ನುವಾಗ ಇಂಥ ತಯಾರಿಕೆಯನ್ನು ಉದ್ದೇಶಿಸುವುದಿಲ್ಲ. ಕೊರತೆಯಿಂದ ಹುಟ್ಟಿದ ಇಚ್ಛೆಯಿಂದಲೂ ಅಲ್ಲ, ಸಮೃದ್ಧಿಯಿಂದ ಉಕ್ಕಿದ ಪ್ರೀತಿಯಿಂದ ದೇವರು ಇರವನ್ನು ಹಂಚುತ್ತಾನೆಂಬುದು ತ್ರಯೈಕ ದೇವರನ್ನು ಒಪ್ಪುವವರು ಕೊಡಬಹುದಾದ ಉತ್ತರ. ರಾಮಾನುಜರ ಆಕ್ಷೇಪವು ನಮ್ಮೊಳಗೂ ಪ್ರತಿಧ್ವನಿಸಿದೆ. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆಯು ಸೃಷ್ಟಿಯ ಮೂಲಕ ಬುದ್ಧಿಯ ಬೆಳಕಿನಿಂದಲೇ ದೇವರನ್ನು ನಿಶ್ಚಯವಾಗಿ ತಿಳಿಯಬಹುದೆಂದು ಸಾರಿತು. 1934ರಲ್ಲಿ ಕಾರ್ಲ್ ಬಾರ್ತ್, ಎಮಿಲ್ ಬ್ರೂನರನಿಗೆ ಉತ್ತರವಾಗಿ ‘ಇಲ್ಲ’ ಎಂದೇ ಹೆಸರಿಟ್ಟು ಒಂದು ಪುಸ್ತಿಕೆ ಬರೆದನು. ಜರ್ಮನಿಯಲ್ಲಿ ನೆಲ, ರಕ್ತ, ಜನಾಂಗಗಳನ್ನೇ ದೈವಪ್ರಕಟನೆಯೆನ್ನುವವರು ಸಭೆಯೊಳಗೆ ಕುಳಿತಿದ್ದ ಕಾಲದಲ್ಲಿ ಆ ‘ಇಲ್ಲ’ ಅಗತ್ಯವಾಗಿತ್ತು. ಆದರೂ ಬಾರ್ತನು ಲುಸ್ತ್ರದ ಮೂರು ವಚನಗಳನ್ನು ಅಳಿಸಿಹಾಕಲಾರನು. ವಾದವು ಬಾಗಿಲ ತನಕ ಕರೆತರುತ್ತದೆ. ಒಳಗಿರುವವನ ಹೆಸರನ್ನು ಅವನೇ ಹೇಳಬೇಕು. ಈ ವಿಷಯದಲ್ಲಿ ನಾನು ಅಕ್ವಿನಾಸನಿಗೂ ರಾಮಾನುಜರಿಗೂ ಸಮಾನವಾಗಿ ಋಣಿ.

ಈಶ್ವರ ಸಂವತ್ಸರ

ಇಷ್ಟಾದರೂ ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಸಮಾಧಾನವಾಗಿರಲಾರದು. ಕೆರೆಯ ವಾದದಿಂದ ಇರುವಾತನೊಬ್ಬನಿದ್ದಾನೆಂದು ಒಪ್ಪಿದರೂ, ಅವನಿಗೆ ನಮ್ಮ ಮೇಲೆ ಕರುಣೆಯಿದೆಯೆಂದು ಅದು ತೋರಿಸಲಿಲ್ಲ. ಹಳೆ ಮೈಸೂರಿನ ಹಿರಿಯರು ಧಾತು ಈಶ್ವರ ಬರವೆಂದು ಹೇಳುತ್ತಿದ್ದ 1876-78ರ ಕ್ಷಾಮವು ಈ ಪ್ರಶ್ನೆಯನ್ನು ನಿರ್ದಾಕ್ಷಿಣ್ಯವಾಗಿ ಮುಂದಿಡುತ್ತದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷಗಳ ಮೇಲೆ, 1881ರಲ್ಲಿ, ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಜನರು ಸತ್ತ ಆ ಎರಡು ವರ್ಷಗಳಲ್ಲೊಂದರ ಹೆಸರೇ ಈಶ್ವರ ಸಂವತ್ಸರ. ಪಂಚಾಂಗದ ಆಕಸ್ಮಿಕವದು, ಆದರೂ ಆ ಹೆಸರನ್ನು ಉಚ್ಚರಿಸುವಾಗ ನಾಲಗೆ ತಡೆಯುತ್ತದೆ.

ಆ ಕಾಲದಲ್ಲಿ ಸಭೆ ಏನು ಮಾಡಿತು? 1837ರಿಂದ ಗುಬ್ಬಿಯಲ್ಲಿ ನೆಲೆಯೂರಿ ಜಿಲ್ಲೆಯಲ್ಲಿ ಹರಡಿದ್ದ ವೆಸ್ಲಿಯನ್ ಮಿಷನ್, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ತುಮಕೂರು, ಹಾಸನಗಳಲ್ಲಿ ಅನಾಥಾಲಯಗಳನ್ನು ನಡೆಸಿತು. ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅದನ್ನು ದೇವರಿರುವುದಕ್ಕೆ ಪ್ರಮಾಣವಾಗಿ ಬಳಸುವ ಪ್ರಸಂಗಗಳನ್ನು ನಾನು ಮೆಚ್ಚಲಾರೆ. ಬದುಕಿದ ಮಗುವಿನ ಪಕ್ಕದಲ್ಲಿ ಬದುಕದ ಮಗು ಇತ್ತು. ಒಂದನ್ನು ಎಣಿಸಿ ಇನ್ನೊಂದನ್ನು ಬಿಡುವುದು ಮತ್ತೆ ಅದೇ ಲೆಕ್ಕಪುಸ್ತಕದ ತಪ್ಪು. ಬರವೆಲ್ಲ ಆಕಾಶದ ಅಪರಾಧವೂ ಅಲ್ಲ. ಆ ವರ್ಷಗಳಲ್ಲಿಯೂ ಇಂಡಿಯಾದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಇಂದು ಕೆರೆಗಳ ಹೂಳೆತ್ತದೆ, ಕಾಲುವೆಗಳನ್ನು ಒತ್ತುವರಿ ಮಾಡಿ, ಅಂತರ್ಜಲವನ್ನು ಹೀರಿಬಿಟ್ಟು, ಅನಂತರ ದೇವರ ಕಡೆ ಬೆರಳು ಮಾಡುವುದೂ ಪ್ರಾಮಾಣಿಕತೆಯಲ್ಲ. ಹೀಗೆ ಮನುಷ್ಯನ ಪಾಲನ್ನು ಕಳೆದ ಮೇಲೂ ಉಳಿಯುವ ನೋವು ಸಣ್ಣದಲ್ಲವೆಂದು ಒಪ್ಪಲೇಬೇಕು.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಘನತೆಯಿಂದ ಎತ್ತಿದವರಿದ್ದಾರೆ. ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ ‘ದೇವರು’ ಎಂಬ ಪುಸ್ತಕವನ್ನು ಪ್ರಕಟಿಸಿ, ಆ ನಂಬಿಕೆಯನ್ನು ಒರೆಗೆ ಹಚ್ಚಿ ತಾವು ಒಪ್ಪಲಾರೆವೆಂದರು. ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಇವರ ಹೆಸರು ಕೇಳಿದೊಡನೆ ಕೆಲವು ವಿಶ್ವಾಸಿಗಳು ಮುಖ ತಿರುಗಿಸುವುದುಂಟು. ಅವರು ಲುಸ್ತ್ರದ ಕಥೆಯನ್ನು ಮತ್ತೊಮ್ಮೆ ಓದಬೇಕು. ಅಲ್ಲಿ ಕುಂಟನೊಬ್ಬನು ಎದ್ದು ನಡೆದಾಗ ಜನರು ಬಾರ್ನಬನನ್ನು ಜ್ಯೂಸ್ ಎಂದೂ ಪೌಲನನ್ನು ಹೆರ್ಮೆಸ್ ಎಂದೂ ಕರೆದು ಪೂಜೆಗೆ ಮುಂದಾದರು. ಇಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿ, ನಾವೂ ನಿಮ್ಮಂಥ ಮನುಷ್ಯರೇ ಎಂದು ಕೂಗಿದರು. ಪವಾಡವನ್ನು ತೋರಿಸಿ ದೇವರನ್ನು ಸಾಧಿಸುವ ಅವಕಾಶ ಕಾಲಬುಡಕ್ಕೇ ಬಂದು ಬಿದ್ದಿದ್ದಾಗ ಪೌಲನು ಅದನ್ನು ಒದ್ದು, ಎಲ್ಲರೂ ಕಂಡಿದ್ದ ಮಳೆಯ ಕಡೆ ಕೈತೋರಿಸಿದನು. ದೇವಮಾನವರನ್ನು ಪ್ರಶ್ನಿಸುವ ವಿಷಯದಲ್ಲಿ ನರಸಿಂಹಯ್ಯನವರಿಗೆ ಅಪೊಸ್ತಲನಲ್ಲಿ ಜಗಳವಾಡಲು ಏನೂ ಸಿಗುತ್ತಿರಲಿಲ್ಲ.

ನೋವಿನ ಪ್ರಶ್ನೆಗೆ ಕ್ರೈಸ್ತರು ಕೊಡುವ ಉತ್ತರದಲ್ಲಿ ಎರಡು ಎಳೆಗಳಿವೆ. ಮೊದಲನೆಯದು ಪ್ರಶ್ನೆಯ ಒಳಗೇ ಇದೆ. ಬರದಲ್ಲಿ ಮಗು ಸತ್ತಾಗ ತಾಯಿಯು ಇದು ಅನ್ಯಾಯವೆನ್ನುತ್ತಾಳೆ. ಜಗತ್ತು ಗೊತ್ತುಗುರಿಯಿಲ್ಲದ ಕಣಗಳ ಚಲನೆಯಷ್ಟೇ ಆಗಿದ್ದರೆ, ಅನ್ಯಾಯವೆಂಬ ಮಾತಿಗೆ ಇಷ್ಟವಿಲ್ಲದ್ದು ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಾರದು. ಆದರೆ ಅವಳು ಹೇಳುತ್ತಿರುವುದು ತನಗೆ ಇಷ್ಟವಿಲ್ಲವೆಂದಲ್ಲ, ಹೀಗಾಗಬಾರದಿತ್ತೆಂದು. ಆಗಬೇಕಾದದ್ದು ಎಂಬ ಅಳತೆಗೋಲು ಆಗುತ್ತಿರುವುದರ ಒಳಗಿನಿಂದ ಬರಲಾರದು. ನಾಸ್ತಿಕರು ನೀತಿವಂತರಾಗಿರಲಾರರೆಂದು ಇದರ ಅರ್ಥವಲ್ಲ. ಮೂರ್ತಿರಾಯರನ್ನೂ ನರಸಿಂಹಯ್ಯನವರನ್ನೂ ಬಲ್ಲ ಕನ್ನಡಿಗರಿಗೆ ಹಾಗೆ ಹೇಳುವುದು ನಗೆಗೀಡು. ಅವರ ನೀತಿಪ್ರಜ್ಞೆಗೆ ಅವರು ಕೊಡುವ ವಿವರಣೆ ಸಾಲದೆಂದಷ್ಟೇ ವಾದ. ಇದು ಕೆರೆಯ ವಾದದಷ್ಟು ಬಿಗಿಯಾದುದಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಅಳತೆಗೋಲನ್ನು ಮನುಷ್ಯಸಮಾಜವೇ ಕಾಲಕ್ರಮದಲ್ಲಿ ಕಡೆದುಕೊಂಡಿತೆಂಬ ಪ್ರತಿವಾದಕ್ಕೆ ಬಲವಿದೆ. ನನಗೆ ಅದು ಸಾಲದೆನಿಸುತ್ತದೆ, ಅಷ್ಟೇ.

ಎರಡನೆಯ ಎಳೆಯು ವಾದವಲ್ಲ, ಸುದ್ದಿ. ಇರುವಾತನು ಬರದ ಹೊರಗೆ ಕುಳಿತು ಮಳೆಯನ್ನು ಹಂಚುವ ಅಧಿಕಾರಿಯಾಗಿ ಉಳಿಯದೆ, ದಾಹಗೊಂಡು ಶಿಲುಬೆಯ ಮೇಲೆ ನೀರು ಬೇಡಿದ ಮನುಷ್ಯನಾಗಿ ಕಾಣಿಸಿಕೊಂಡನೆಂಬ ಸುದ್ದಿ. ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಆ ದಾಹದ ಮಾತು ಒಂದೇ ಪದದಷ್ಟು ಚಿಕ್ಕದು. ಇದನ್ನು ತರ್ಕದಿಂದ ಯಾರೂ ಸಾಧಿಸಲಾರರು. ನಡೆದದ್ದನ್ನು ಕಂಡವರಿಂದ ಕೇಳಿ ತಿಳಿಯಬೇಕು. ಅವನು ಸತ್ತವರೊಳಗಿಂದ ಎದ್ದನೆಂದು ಹೇಳಿದವರು ಅದಕ್ಕಾಗಿ ಪೆಟ್ಟು ತಿನ್ನಲು ಸಿದ್ಧರಿದ್ದರೆಂಬುದು ಚರಿತ್ರೆಕಾರನು ತೂಗಿ ನೋಡಬಹುದಾದ ವಿಷಯ. ಕೆರೆಯ ವಾದವು ಇಂಥ ಸುದ್ದಿಯನ್ನು ಕೇಳಿಸಿಕೊಳ್ಳಲು ಕಿವಿಯನ್ನು ತೆರೆದಿಡುತ್ತದೆ. ದೇವರೇ ಇಲ್ಲವೆಂದು ಮೊದಲೇ ನಿಶ್ಚಯಿಸಿದವನು ಪುನರುತ್ಥಾನದ ಸಾಕ್ಷಿಗಳನ್ನು ಕರೆಸುವುದೇ ಇಲ್ಲ.

ಪಾವಗಡದ ತಿರುಮಣಿ, ವಳ್ಳೂರು ಸುತ್ತಿನಲ್ಲಿ ಈಗ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿಕೊಂಡು 2050 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಸಾಮರ್ಥ್ಯ ಪಡೆದಿವೆ. ಮೋಡವಿಲ್ಲದ ಆಕಾಶವೇ ಅಲ್ಲಿ ಬಂಡವಾಳವಾಯಿತು. ಕರ್ತನು ಪರ್ವತಪ್ರಸಂಗದಲ್ಲಿ ಒಳ್ಳೆಯವರು ಕೆಟ್ಟವರೆನ್ನದೆ ಬಿಸಿಲು ಮಳೆಗಳೆರಡನ್ನೂ ತಂದೆಯ ಕೊಡುಗೆಯೆಂದು ಒಟ್ಟಿಗೆ ಹೆಸರಿಸಿದನು. ನಮ್ಮ ಪ್ರಸಂಗಗಳು ಬಿಸಿಲನ್ನು ಮರೆಯುತ್ತವೆ. ಇದರಿಂದ ಬರಗಾಲ ವರವಾಯಿತೆಂದು ಯಾರೂ ತಿಳಿಯಬಾರದು. ಜಮೀನಿಲ್ಲದ ಕೂಲಿಯವನಿಗೆ ಫಲಕಗಳ ಕೆಳಗೆ ಕಳೆ ಕೀಳುವ ಕೆಲಸವಿಲ್ಲ.

ಪೌಲನ ವಾದವನ್ನು ಲುಸ್ತ್ರದವರು ಒಪ್ಪಿದರೇ? ಅವನ ಮಾತು ಬಲಿಯನ್ನು ಪ್ರಯಾಸದಿಂದ ತಡೆಯಿತೆಂದಷ್ಟೇ ಲೂಕನು ಬರೆಯುತ್ತಾನೆ. ಮುಂದಿನ ವಚನದಲ್ಲಿಯೇ, ಅಂತಿಯೋಕ್ಯ ಮತ್ತು ಇಕೋನ್ಯದಿಂದ ಬಂದವರ ಮಾತು ಕೇಳಿ ಜನರು ಅವನಿಗೆ ಕಲ್ಲೆಸೆದು, ಸತ್ತನೆಂದು ತಿಳಿದು ಊರ ಹೊರಗೆ ಎಳೆದುಹಾಕುತ್ತಾರೆ. ಶಿಷ್ಯರು ಸುತ್ತಲೂ ನಿಂತಿರುವಾಗ ಅವನು ಎದ್ದು ಮತ್ತೆ ಅದೇ ಊರೊಳಕ್ಕೆ ಹೋಗುತ್ತಾನೆ. ಎರಡು ಅಧ್ಯಾಯಗಳ ನಂತರ ಅವನು ತಿರುಗಿ ಅಲ್ಲಿಗೆ ಬಂದಾಗ ಆ ಊರಿನಲ್ಲಿ ತಿಮೊಥೆಯನೆಂಬ ಯುವಕನಿರುತ್ತಾನೆ, ಯೆಹೂದ್ಯಳಾದ ವಿಶ್ವಾಸಿಯ ಮಗನು, ತಂದೆ ಗ್ರೀಕನು. ಅವನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಪೌಲನು ಮುಂದೊಮ್ಮೆ ಅವನಿಗೇ ಬರೆದನು.